ಕಾಶಿಯಲ್ಲಿ ಬಿಟ್ಟ ಸಂತ್ರಾ

ನಮ್ಮ ಓಣಿಯ ಸಾತಲಿಂಗಪ್ಪನವರು ಸುಳ್ಳು ಹೇಳುವವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ಬೇರೆ ಅಭಿಪ್ರಾಯ ಬರುವ ಸಂಭವವಿದೆ. ಅವರು ಶುರು ಮಾಡುವುದು ನಿಜದಿಂದಲೇ. ಹೇಳುತ್ತ ಹೇಳುತ್ತ ಆ ನಿಜಕ್ಕೆ ಕೈಕಾಲು ಮೂಡಿ, ಮೀಸೆ ಬಂದು, ಕೊನೆಗೆ ಅದು ಅವರ ಮಾತನ್ನೇ ಕೇಳದಷ್ಟು ದೊಡ್ಡದಾಗಿಬಿಡುತ್ತದೆ.

ಸೊಲ್ಲಾಪುರದ ಬಾಳೀವೇಸಿನ ಹಿಂದೆ ಬಂಡೆಪ್ಪ ಸಾಹುಕಾರರ ಗೋಳಿ ಕಾರಖಾನೆ ಇತ್ತು. ಸಕ್ಕರೆ ಪಾಕಕ್ಕೆ ಹಣ್ಣಿನ ಬಣ್ಣ, ಹಣ್ಣಿನ ವಾಸನೆ ಹಾಕಿ ಅಚ್ಚಿನಲ್ಲಿ ಒತ್ತಿ ತೆಗೆಯುವ, ಬೇರೆ ಊರಿನವರು ಪೆಪ್ಪರಮಿಂಟು ಎನ್ನುವ ಗೋಳಿ. ಅಲ್ಲಿ ಸಾತಲಿಂಗಪ್ಪನವರ ಕೆಲಸವೆಂದರೆ ತಗಡಿನ ಡಬ್ಬಿಗಳಿಗೆ ಚೀಟಿ ಅಂಟಿಸುವುದು. ಚೀಟಿಯ ಮೇಲೆ ಹಣ್ಣುಗಳ ಚಿತ್ರ ಇರುತ್ತಿತ್ತು. ಆದ್ದರಿಂದ "ಕಾರಖಾನ್ಯಾಗ ಹಣ್ಣಿನ ಖಾತೆ ಪೂರಾ ನನ್ನ ಕೈಯಾಗ ಐತಿ" ಎಂದು ಅವರು ಹೇಳಿದರೆ ಅದರಲ್ಲಿ ಸುಳ್ಳೆಲ್ಲಿದೆ, ನೀವೇ ಹೇಳಿ.

ಈ ಸ್ವಭಾವಕ್ಕೆ ದಂಡ ತೆರುತ್ತಿದ್ದವಳು ಮಾತ್ರ ಅವರ ಮಗಳು ಇಂದು. ಹತ್ತೊಂಬತ್ತು ವರ್ಷದವಳು, ಏಳನೆಯ ಇಯತ್ತೆ ಪಾಸಾದವಳು, ನಾನು ಮಾಸ್ತರಿಕೆ ಮಾಡುವ ಕನ್ನಡ ಸಾಲೆಯಲ್ಲೇ ಕಲಿತವಳು. ಅವಳಿಗೆ ಬಂದ ಎರಡು ಸಂಬಂಧಗಳು ತಪ್ಪಿ ಹೋಗಿದ್ದವು. ಹುಲಜಂತಿಯವರ ಮುಂದೆ ಇವರು ತಮಗೆ ಕಲೆಕ್ಟರರ ಸಲಿಗೆ ಇದೆ ಎಂದರು. ಆ ಜನ ಮರುದಿನವೇ ಬಂದೂಕಿನ ಲೈಸೆನ್ಸಿನ ಅರ್ಜಿ ಹಿಡಿದುಕೊಂಡು ಬಂದರು. ಕುಂಭಾರಿಯವರ ಮುಂದೆ ತಮಗೆ ನೆಲದೊಳಗಿನ ನೀರು ಕಾಣುತ್ತದೆ ಎಂದರು. ಆ ಜನ ಇವರು ತೋರಿಸಿದಲ್ಲಿ ಬಾವಿ ತೋಡಿದರು. ಇನ್ನೂ ತೋಡುತ್ತಲೇ ಇರಬಹುದು.

೧೯೫೭ರ ಚಳಿಗಾಲದಲ್ಲಿ ಮೂರನೆಯ ಸಂಬಂಧ ಬಂತು. ಅಕ್ಕಲಕೋಟೆಯ ಕಿರಾಣಿ ವ್ಯಾಪಾರಿ ಅಮೃತಪ್ಪನವರ ಮಗ ಶಂಕರೆಪ್ಪ, ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಹುಡುಗ ಬಂದು ಹುಡುಗಿಯನ್ನು ನೋಡಿ ಹೋದ. ಅವನು ಹೋದ ಮೇಲೆ ಎರಡು ದಿನ ಇಂದು ಸಾರಿಗೆ ಉಪ್ಪು ಹಾಕುವುದನ್ನು ಮರೆತಳು ಎಂದು ಅವಳ ತಾಯಿ ರತ್ನಾಬಾಯಿ ನನ್ನ ಹೆಂಡತಿಗೆ ಹೇಳಿದಳು. ಇನ್ನು ಉಳಿದದ್ದು ಹಿರಿಯರು ಅಕ್ಕಲಕೋಟೆಗೆ ಹೋಗಿ ಸಾಖರಪುಡೆಯ, ಅಂದರೆ ನಿಶ್ಚಯದ, ದಿನ ಗೊತ್ತು ಮಾಡಿ ಬರುವುದಷ್ಟೇ. ಹಿರಿಯರೆಂದರೆ ಸಾತಲಿಂಗಪ್ಪನವರು, ಜೊತೆಗೆ ತೂಕಕ್ಕೆ ನಾನು.

ಹೊರಡುವಾಗ ಇಂದು ಬಾಗಿಲಿಗೆ ಬಂದು ನಿಂತಳು.

"ಅಪ್ಪಾ, ಅಲ್ಲಿ ಹೋದ ಮ್ಯಾಲ ಹೂಂ ಅನ್ರಿ, ಇಲ್ಲಾಂದ್ರ ಊಹೂಂ ಅನ್ರಿ. ಮೂರನೇದು ಏನೂ ಅನಬ್ಯಾಡ್ರಿ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಸರ, ನೀವು ಅಪ್ಪನ ಬಾಜೂಕ ಕೂಡ್ರಿ. ಹಣ್ಣಿನ ಸುದ್ದಿ ತಗದ್ರ ತೊಡಿ ಚೂಟ್ರಿ" ಎಂದಳು.

ಅವಳ ಕಣ್ಣಿನಲ್ಲಿ ನೀರು ಇರಲಿಲ್ಲ, ಭಯ ಇತ್ತು. ನನಗೆ ಕೆಡುಕೆನಿಸಿತು. ಪ್ರಾಣ ಹೋದರೂ ಚಿವುಟುತ್ತೇನೆಂದು ಮಾತು ಕೊಟ್ಟೆ.

ಎಸ್.ಟಿ. ಬಸ್ಸು ಕುಂಭಾರಿಯಲ್ಲಿ ನಿಂತಷ್ಟು ಹೊತ್ತೂ ಸಾತಲಿಂಗಪ್ಪನವರು ಮುಖಕ್ಕೆ ಡಬ್ಬಿ ಅಡ್ಡ ಹಿಡಿದು ಕೂತಿದ್ದರು. ಬೀಗರಿಗೆಂದು ತಂದ ದೊಡ್ಡ ಡಬ್ಬಿ ಅದು. ಒಳಗೆ ಆರು ಜಾತಿಯ ಗೋಳಿ, ಹೊರಗೆ ಆರು ಹಣ್ಣಿನ ಚಿತ್ರ, ಚಿತ್ರದ ಕೆಳಗೆ "ಅಸಲಿ ಹಣ್ಣಿನ ರಸ" ಎಂಬ ಕೆಂಪು ಅಕ್ಷರ. ಊರಿಗೆ ಊರೇ ಹಿಂದುಳಿದ ಮೇಲೆ ಡಬ್ಬಿ ಕೆಳಗಿಳಿಯಿತು.

ಅಮೃತಪ್ಪನವರು ಒಳ್ಳೆಯ ಜನ. "ಬರ್ರಿ ಬರ್ರಿ, ಕೂಡ್ರಿ" ಎಂದು ಜಮಖಾನೆ ಹಾಸಿ ಕೂಡಿಸಿದರು. ಶಂಕರೆಪ್ಪ ನೀರು ತಂದಿಟ್ಟು ಕಂಬಕ್ಕೆ ಒರಗಿ ನಿಂತ. ನಡುಮನೆಯ ಮೂಲೆಯಲ್ಲಿ, ಕೌದಿಯ ಮೇಲೆ, ಅಮೃತಪ್ಪನವರ ತಾಯಿ ಅಕ್ಕನಾಗಮ್ಮ ಕೂತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಬಾಯಲ್ಲಿ ಉಳಿದದ್ದು ಎರಡು ಹಲ್ಲು, ಆ ಎರಡೂ ಎದುರುಬದುರು ಇರಲಿಲ್ಲ.

"ಕಾಶಿ ನೋಡೀರೇನು?" ಎಂಬುದು ಅವಳು ನಮ್ಮನ್ನು ಕೇಳಿದ ಮೊದಲ ಮಾತು.

"ಇಲ್ಲಬೇ ಆಯಿ" ಎಂದೆ ನಾನು.

"ನಾ ನೋಡೀನಿ. ಸ್ವಾತಂತ್ರ್ಯ ಬಂದ ವರ್ಷ. ನೋಡೀನಿ ಅಂದ್ರ ಏನು, ಒಂದೂವರಿ ದಿನ. ನಮ್ಮ ಹಿರ‍್ಯಾರಿಗೆ ಹೊಟ್ಟಿ ಕೆಟ್ಟಿತು, ಧರ್ಮಶಾಲಾದಾಗ ಕೂತು ಗಂಡನ ಸೇವಾ ಮಾಡಿ ಬಂದೆ. ಗಂಗಾನ್ನ ಒಮ್ಮೆ ಮುಳುಗಿ ನೋಡಿದ್ದಷ್ಟ. ಇಂವ ಹತ್ತು ವರ್ಷ ಆತು, ಮುಂದಿನ ವರ್ಷ ಕರಕೊಂಡ ಹೋಗ್ತೀನಿ ಅಂತಾನ."

"ಹೋಗೂಣಂತ ಅವ್ವಾ. ಅಂಗಡಿ ಒಂಚೂರು ಹಗರ ಆಗಲಿ" ಎಂದರು ಅಮೃತಪ್ಪನವರು. ಹತ್ತು ವರ್ಷದಿಂದ ಹೇಳಿ ಹೇಳಿ ಆ ಮಾತು ನುಣುಪಾಗಿತ್ತು.

ಕೆಲಸ ಸುಗಮವಾಗಿಯೇ ನಡೆಯಿತು. ಬರುವ ಸೋಮವಾರ ಸಾಖರಪುಡಾ ಎಂದು ಗೊತ್ತಾಯಿತು. ಸಾತಲಿಂಗಪ್ಪನವರು ಹನ್ನೊಂದು ಸಲ ಹೂಂ ಎಂದರು, ಎರಡು ಸಲ ಊಹೂಂ ಎಂದರು. ನಾನು ಮನಸ್ಸಿನಲ್ಲಿ ಬಸ್ಸಿನ ವೇಳೆ ನೋಡುತ್ತಿದ್ದೆ. ಆಗ ಅಮೃತಪ್ಪನವರು ಡಬ್ಬಿ ಬಿಚ್ಚಿ, ಮನೆಯವರಿಗೂ ಬಾಗಿಲಲ್ಲಿ ಇಣುಕುತ್ತಿದ್ದ ನೆರೆಯವರಿಗೂ ಗೋಳಿ ಹಂಚಿ, ಬರೀ ಉಪಚಾರಕ್ಕೆಂದು ಒಂದು ಪ್ರಶ್ನೆ ಕೇಳಿದರು.

"ಇದರಾಗ ಖರೇನ ಹಣ್ಣು ಇರತೈತೇನ್ರಿ ಬೀಗರ?"

ನಾನು ಚಿವುಟಿದೆ.

"ಮಾಸ್ತರ, ಯಾಕ ಚೂಟ್ತೀರಿ?" ಎಂದು ಸಾತಲಿಂಗಪ್ಪನವರು ಮನೆಗೆಲ್ಲ ಕೇಳುವಂತೆ ಕೇಳಿ, ಗಂಟಲು ಸರಿಮಾಡಿಕೊಂಡರು. "ಹಣ್ಣಿನ ಖಾತೇನ ನಂದು, ಬೀಗರ. ಕೇಳ್ರಿ. ಮೊಟ್ಟಮೊದಲು ಹುಟ್ಟಿದ್ದು ನಿಂಬಿ ಗೋಳಿ. ಗಿರಣಿ ಮಂದೀಗಿ ಹತ್ತಿ ಧೂಳದಿಂದ ಗಂಟಲಾ ಒಣಗತಿತ್ತು. ನಮ್ಮ ಮಾಲಕರ ಅಪ್ಪಾರು ಗಿರಣಿ ಭೊಂಗಾ ಊದಿ ಪಾಳಿ ಬಿಟ್ಟ ಕೂಡಲೆ ಬಾಗಲದಾಗ ನಿಂತು ಮಾರತಿದ್ರು."

ಇಲ್ಲಿಯವರೆಗೆ ಇತಿಹಾಸ ಸರಿಯಾಗಿಯೇ ಇತ್ತು.

"ಆಮ್ಯಾಲ ಸಂತ್ರಾ. ನಾಗಪುರದಿಂದ ರೈಲ್ವೆ ವ್ಯಾಗನ್ ತುಂಬಿ ಬರತಾವು. ನಾ ಒಂದೊಂದು ಹಣ್ಣು ಕೈಯಾಗ ಹಿಡದು, ಮೂಸಿ ನೋಡಿ, ಪಾಸ್ ಮಾಡಬೇಕು. ನೋಡ್ರಿ, ಗೋಳೀನೂ ಸಂತ್ರಾದ ತೊಳಿ ಹಂಗs ಮಾಡೀವಿ. ಒಂದು ತೊಳಿಗಿ ಒಂದು ತೊಳಿ ರಸ."

ಆ ಅರ್ಧಚಂದ್ರದ ಆಕಾರ ಬಂದದ್ದು ಪುಣೆಯ ಅಂಗಡಿಯವನು ಬೇರೆ ಯಾರದೋ ಅಚ್ಚನ್ನು ಇವರಿಗೆ ಕಳಿಸಿದ್ದರಿಂದ ಎಂದು ನನಗೆ ಗೊತ್ತಿತ್ತು. ಸಾಹುಕಾರರು ಅದನ್ನು ಮರಳಿಸಲು ಬೇಸರಪಟ್ಟು ಕಿತ್ತಳೆ ಹಣ್ಣಿನ ಬಣ್ಣ ಹಾಕಿಸಿ ಸಂತ್ರಾ ಎಂದುಬಿಟ್ಟಿದ್ದರು. ಮತ್ತೊಮ್ಮೆ ಚಿವುಟಿದೆ. ಪ್ರವಾಹ ನಿಲ್ಲಲಿಲ್ಲ.

"ನೇರಲ ಗೋಳಿ ಬಂದದ್ದು ಯುದ್ಧದಾಗ, ಮಂದಿ ರಕ್ತ ಶುದ್ಧ ಆಗಲಿ ಅಂತ. ಅನಾನಸ ಮದ್ರಾಸದಿಂದ ಬರತೈತಿ. ಮಾವು ರತ್ನಾಗಿರೀದು. ಈ ಕೆಂಪಂದು ರಾಸ್‌ಬೆರಿ, ವಿಲಾಯತಿ ಹಣ್ಣು, ನಮ್ಮ ಬಾರೀ ಹಣ್ಣಿನ ಅಣ್ಣ. ಅದು ಹಡಗಿನ್ಯಾಗ ಬರತೈತಿ."

ಯುದ್ಧಕಾಲದಲ್ಲಿ ಸಕ್ಕರೆಗೆ ರೇಶನ್ ಬಂದು, ಬೆಲ್ಲದಲ್ಲಿ ಮಾಡಿದ ಗೋಳಿ ಯಾವ ಬಣ್ಣ ಹಾಕಿದರೂ ಕರ್ರಗೇ ಉಳಿದಾಗ ಅದಕ್ಕೆ ನೇರಲ ಎಂದು ಹೆಸರಿಟ್ಟದ್ದು ಇಡೀ ಬಾಳೀವೇಸಿಗೆ ಗೊತ್ತು. ಅಕ್ಕಲಕೋಟೆಗೆ ಗೊತ್ತಿರಲಿಲ್ಲ. ಜನ ಬಾಯಿ ತೆರೆದು ಕೇಳುತ್ತಿದ್ದರು.

"ಅಂದ್ರ ಈ ಗೋಳಿ ತಿಂದ್ರ ಸಂತ್ರಾನ ತಿಂದಂಗ?" ಅಮೃತಪ್ಪನವರ ದನಿ ಯಾಕೋ ಸಣ್ಣಗಾಗಿತ್ತು.

"ತಿಂದಂಗ ಅಲ್ಲರಿ. ಸಂತ್ರಾನ ತಿಂದದ್ದು. ನಾ ಗ್ಯಾರಂಟಿ."

ಮೂಲೆಯಿಂದ ಒಂದು ನರಳುವಿಕೆ ಕೇಳಿಸಿತು. ಅಕ್ಕನಾಗಮ್ಮ ಬಾಯಿಂದ ಅರ್ಧ ಕರಗಿದ ಕಿತ್ತಳೆ ಬಣ್ಣದ ತೊಳೆಯನ್ನು ಅಂಗೈಗೆ ತೆಗೆದು ನೋಡುತ್ತಿದ್ದಳು.

"ಅಮೃತಾ, ನಾ ಕಾಶ್ಯಾಗ ಸಂತ್ರಾ ಬಿಟ್ಟು ಬಂದೀನಲ್ಲೋ."

ಕಾಶಿಗೆ ಹೋದವರು ತಮಗೆ ಪ್ರೀತಿಯ ಒಂದು ಹಣ್ಣನ್ನು ಗಂಗೆಯಲ್ಲಿ ಬಿಟ್ಟು ಬರುತ್ತಾರೆ. ಅಂದಿನಿಂದ ಸಾಯುವವರೆಗೆ ಅದನ್ನು ಬಾಯಿಗೆ ಹಾಕುವಂತಿಲ್ಲ. ಅಕ್ಕನಾಗಮ್ಮ ದಿನಕ್ಕೆರಡು ಸಂತ್ರಾ ತಿನ್ನುತ್ತಿದ್ದವಳು, ಅದನ್ನೇ ಬಿಟ್ಟಿದ್ದಳು. ಹತ್ತು ವರ್ಷದ ವ್ರತ ಈಗ ಅವಳ ಅಂಗೈಯಲ್ಲಿ ಜಿಗಿಜಿಗಿ ಅಂಟಿಕೊಂಡಿತ್ತು.

ಮನೆಯಲ್ಲಿ ಗದ್ದಲವೆದ್ದಿತು. ಬಾಗಿಲಲ್ಲಿದ್ದ ಪಕ್ಕದ ಮನೆಯ ಹಣಮವ್ವ ಒಳಗೆ ನುಗ್ಗಿ, ಉಪ್ಪುನೀರು ಮುಕ್ಕಳಿಸಬೇಕು ಎಂದು ಹೇಳಿ, ಥಟ್ಟನೆ ತನ್ನ ಬಾಯಿ ತಾನೇ ಮುಚ್ಚಿಕೊಂಡಳು. ಅವಳ ಬಾಯಲ್ಲಿದ್ದದ್ದು ಅನಾನಸ ಗೋಳಿ. ಅವಳೂ ಕಾಶಿಗೆ ಹೋಗಿ ಬಂದವಳು, ಬಿಟ್ಟದ್ದು ಅನಾನಸ. ಅವಳು ಜನ್ಮದಲ್ಲಿ ಆ ಹಣ್ಣನ್ನು ಕಂಡವಳಲ್ಲ. ಕಾಣದ ಹಣ್ಣನ್ನು ಬಿಟ್ಟರೆ ನಷ್ಟವಿಲ್ಲ ಎಂದು ಜಾಣತನದಿಂದ ಆರಿಸಿದ್ದಳು.

"ಯವ್ವಾ, ಅದು ನನ್ನ ಹುಡಿಕ್ಕೊಂಡು ಬಂತಲ್ಲ" ಎಂದು ಅವಳು ಅಲ್ಲೇ ಕುಸಿದಳು.

ಆ ಓಣಿಯಲ್ಲಿ ಕಾಶಿಗೆ ಹೋಗಿ ಬಂದವರು ಏಳು ಮಂದಿ. ಡಬ್ಬಿಯಲ್ಲಿ ಹಣ್ಣು ಆರು ಜಾತಿ. ತಾಸಿನೊಳಗೆ ಸುದ್ದಿ ಹಬ್ಬಿ, ಗೋಳಿ ತಿಂದವರೆಲ್ಲ ತಾವು ತಿಂದ ಬಣ್ಣ ಯಾವುದೆಂದು ನಾಲಿಗೆ ಚಾಚಿ ಪರಸ್ಪರ ತೋರಿಸಿಕೊಳ್ಳತೊಡಗಿದರು. ಚಾದರ ವ್ಯಾಪಾರಿ ಶಾಂತಲಿಂಗಪ್ಪನವರ ಸ್ಥಿತಿ ಎಲ್ಲರಿಗಿಂತ ಗಂಭೀರವಾಗಿತ್ತು. ಅವರು ಚಳವಳಿಯ ಕಾಲದವರು. ಗಂಗೆಯಲ್ಲಿ ನಿಂತು ವಿಲಾಯತಿಯ ಸಮಸ್ತ ಹಣ್ಣುಗಳನ್ನೂ ಒಟ್ಟಿಗೇ ಬಿಟ್ಟಿದ್ದರು. ಈಗ ಅವರ ನಾಲಿಗೆ ಕೆಂಪಗಿತ್ತು.

"ಇಂಗ್ರಜರು ಹೋದ್ರೂ ಬಿಡಲಿಲ್ಲ ನೋಡ್ರಿ" ಎಂದು ಅವರು ನನಗೆ ಹೇಳಿದರು.

ಮಠದ ಅಯ್ಯನವರನ್ನು ಕರೆಸಿದರು. ಅವರು ವಿಷಯವನ್ನು ಎರಡು ಸಲ ಕೇಳಿಸಿಕೊಂಡು, ತೀರ್ಪು ಕೊಟ್ಟರು. "ರಸ ಇದ್ದದ್ದು ಖರೇ ಆದ್ರ ವ್ರತ ಮುರದಂಗ. ಮತ್ತ ಕಾಶಿಗೆ ಹೋಗಿ, ತಪ್ಪಾತು ಅಂತ ಬೇಡ್ಕೊಂಡು, ಮತ್ತೊಂದು ಹಣ್ಣು ಬಿಟ್ಟು ಬರಬೇಕು. ಅಲ್ಲೀತನಕಾ ಮನ್ಯಾಗ ಶುಭಕಾರ್ಯ ಮಾಡಬಾರದು."

ಅಮೃತಪ್ಪನವರು ತಲೆಗೆ ಕೈಕೊಟ್ಟು ಕೂತರು. "ಕಾಶಿಗೆ ಹೋಗೂದಂದ್ರ ಈಗ ಆಗೂದಿಲ್ಲ, ಬೀಗರ. ಸುಗ್ಗಿ ಮುಂದೈತಿ. ತಡವಳದವರು ಬ್ಯಾರೆ ಹುಡುಗಿ ಕೊಡ್ತೀವಂತ ತಿಂಗಳಿಂದ ಕಾಯಾಕತ್ತಾರ. ನೀವs ಹೇಳ್ರಿ, ನಾ ಏನು ಮಾಡಲಿ?" ಬೀಗರ ಎಂಬ ಮಾತನ್ನು ಅವರು ಇನ್ನೆಷ್ಟು ಹೊತ್ತು ಬಳಸುತ್ತಾರೋ ನನಗೆ ಸಂಶಯವಾಯಿತು.

ಶಂಕರೆಪ್ಪ ಕಂಬ ಬಿಟ್ಟು ನೆಟ್ಟಗೆ ನಿಂತ. ಮೊದಲ ಬಾರಿ ಬಾಯಿ ಬಿಟ್ಟು, "ಅಪ್ಪಾ, ತಡವಳದ ಸುದ್ದಿ ತಗೀಬ್ಯಾಡ್ರಿ" ಎಂದ. ಅಷ್ಟು ಹೇಳಿದ್ದಕ್ಕೇ ಅವನ ಕಿವಿ ಕೆಂಪಾಯಿತು.

ಇಷ್ಟರಲ್ಲಿ ಅಳುತ್ತಿದ್ದ ಅಕ್ಕನಾಗಮ್ಮ ಮೂಗು ಒರೆಸಿಕೊಂಡು, "ನನ್ನ ತಗಡಿನ ಟ್ರಂಕಿನ ಕೀಲಿ ಎಲ್ಲೈತಿ?" ಎಂದು ಕೇಳಿದಳು. ಆಮೇಲೆ, ಕಾಶಿಗೆ ಒಂದು ಕೌದಿ ಸಾಕೋ ಎರಡು ಬೇಕೋ ಎಂದು ಹಣಮವ್ವನನ್ನು ವಿಚಾರಿಸಿದಳು. ಇಷ್ಟು ದುಃಖದಲ್ಲೂ ಎಷ್ಟು ವ್ಯವಸ್ಥೆಯ ಮುದುಕಿ ಎಂದು ನಾನು ಮೆಚ್ಚಿಕೊಂಡೆ.

ಈಗ ಸಾತಲಿಂಗಪ್ಪನವರು ಎದ್ದು ನಿಂತರೆ ಮುಗಿಯುತ್ತಿತ್ತು. ಗೋಳಿಯಲ್ಲಿ ಹಣ್ಣಿಲ್ಲ ಎಂದು ಒಂದು ಮಾತು. ನಾನು ಅವರ ಕಿವಿಯಲ್ಲಿ ಅದನ್ನೇ ಊದಿದೆ. ಅವರ ಬಾಯಿಯೂ ತೆರೆಯಿತು. ಆದರೆ ಅದೇ ಹೊತ್ತಿಗೆ ಅಟ್ಟದ ಮೆಟ್ಟಿಲಿನಿಂದ ಬೂಟಿನ ಸಪ್ಪಳ ಕೇಳಿಬಂತು. ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಸ್ಯಾನಿಟರಿ ಇನ್ಸ್‌ಪೆಕ್ಟರ್ ಸಾಹೇಬರು ಇಳಿದು ಬಂದರು. ಗದ್ದಲದಿಂದ ಅವರ ನಿದ್ದೆ ಕೆಟ್ಟಿತ್ತು. ನಿದ್ದೆ ಕೆಟ್ಟಾಗ ಅವರಿಗೆ ಕಾಯದೆ ಚೆನ್ನಾಗಿ ನೆನಪಿರುತ್ತಿತ್ತು.

ಅವರು ಡಬ್ಬಿಯನ್ನು ಎತ್ತಿ ಕೆಂಪು ಅಕ್ಷರ ಓದಿದರು. "ಅಸಲಿ ಹಣ್ಣಿನ ರಸ. ಬರೋಬರ್. ಇದು ಖರೇ ಏನ್ರಿ? ಭೇಸಳಿಚಾ, ಅಂದ್ರ ಕಲಬೆರಕಿದು, ಹೊಸಾ ಕಾಯದಾ ಬಂದೈತಿ. ಡಬ್ಬಿ ಮ್ಯಾಲ ಬರದದ್ದು ಒಳಗ ಇರಬೇಕು. ಇದ್ರ ಠೀಕ. ಇಲ್ಲಂದ್ರ ಕೇಸ್. ಹಣ್ಣಿನ ಖಾತೆ ಯಾರದು?"

ಎಲ್ಲರೂ ಸಾತಲಿಂಗಪ್ಪನವರ ಕಡೆ ನೋಡಿದರು. ಇದುವರೆಗೆ ಅವರಿಗೆ ಅಷ್ಟು ಮಂದಿ ಒಟ್ಟಿಗೆ ಗೌರವ ಕೊಟ್ಟದ್ದು ನಾನು ಕಂಡಿಲ್ಲ.

ರಸ ಇದೆ ಎಂದರೆ ಮಗಳ ಮದುವೆ ತಪ್ಪುತ್ತದೆ. ಇಲ್ಲ ಎಂದರೆ ಕೇಸಾಗಿ ನೌಕರಿ ಹೋಗುತ್ತದೆ, ಏಳು ವರ್ಷ ಕಟ್ಟಿದ ಹೆಸರೂ ಹೋಗುತ್ತದೆ. ಸಾತಲಿಂಗಪ್ಪನವರು ನಡುದಾರಿ ಹುಡುಕಿದರು.

"ಇರತೈತಿ ಸಾಹೇಬ್ರ. ಆದ್ರ ಈ ಡಬ್ಬಿ ಮಾಡಿದ ದಿನ ಏನಾಗಿತ್ತಂದ್ರ, ನಾಗಪುರದ ವ್ಯಾಗನ್ ಲೇಟ್ ಇತ್ತು."

"ಸಂತ್ರಾ ಬರಲಿಲ್ಲ?"

"ಬರಲಿಲ್ಲರಿ."

"ಮತ್ತ ನನ್ನ ಅನಾನಸ?" ಎಂದಳು ಹಣಮವ್ವ.

"ಮದ್ರಾಸದ್ದೂ ಲೇಟರಿ."

"ಹಡಗ?" ಶಾಂತಲಿಂಗಪ್ಪನವರು ಮುಂದೆ ಬಾಗಿದರು.

"ಹಡಗ ಮುಂಬಯಿ ಬಂದರದಾಗ ನಿಂತಿತ್ತರಿ."

"ಆರೂ ಹಣ್ಣು ಒಂದs ದಿನ ಲೇಟ್?" ಇನ್ಸ್‌ಪೆಕ್ಟರರು ಕಿಸೆಯಿಂದ ಡೈರಿ ತೆಗೆದರು. "ತಾರೀಖ ಹೇಳ್ರಿ. ರೈಲ್ವೆಗೆ ಪತ್ರ ಹಾಕಿ ಕೇಳ್ತೀನಿ."

ಸಾತಲಿಂಗಪ್ಪನವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಟೋಪಿ ತೆಗೆದಾಗ ಅವರು ಬಹಳ ಸಣ್ಣ ಮನುಷ್ಯನಾಗಿ ಕಾಣುತ್ತಿದ್ದರು. ಅವರು ಕಂಬದ ಕಡೆ, ಶಂಕರೆಪ್ಪನ ಕಡೆ ಒಮ್ಮೆ ನೋಡಿದರು.

"ಬರಕೋಬ್ಯಾಡ್ರಿ ಸಾಹೇಬ್ರ. ಯಾವ ವ್ಯಾಗನ್ನೂ ಇಲ್ಲ, ಹಡಗೂ ಇಲ್ಲ. ಗೋಳ್ಯಾಗ ಹಣ್ಣಿಲ್ಲರಿ. ಸಕ್ಕರಿ, ಬಣ್ಣ, ಮ್ಯಾಲ ಶೀಶೆದಾಗಿಂದ ನಾಕ ಹನಿ ವಾಸನಿ ಎಣ್ಣಿ. ಏಳು ವರ್ಷದಾಗ ಕಾರಖಾನ್ಯಾಗ ನಾ ಕಂಡದ್ದು ಒಂದs ಸಂತ್ರಾ. ಅದನ್ನ ಮಾಲಕರು ಜ್ವರಾ ಬಂದಾಗ ತಿಂದ್ರು. ಸಿಪ್ಪೀನೂ ಮನೀಗಿ ಒಯ್ದ್ರು. ನಾ ಡಬ್ಬೀಗಿ ಚೀಟಿ ಹಚ್ಚಾಂವ. ಅಂಟು ನಾನs ಕುದಸ್ತೀನಿ. ಅದರಾಗೂ ಹಣ್ಣಿಲ್ಲ, ಮೈದಾ ಐತಿ."

ಆಮೇಲೆ ಅವರು ಅಮೃತಪ್ಪನವರ ಕಡೆ ತಿರುಗಿದರು.

"ನನ್ನ ನೌಕರಿ ಹೋಗಲಿ, ಹೆಸರು ಹೋಗಲಿ. ಬಾಯಿ ನಂದು, ತಪ್ಪೂ ನಂದು. ನನ್ನ ಮಗಳು ಇಲ್ಲೀತನಕಾ ಒಂದೂ ಸುಳ್ಳು ಹೇಳಿಲ್ಲ, ಬೀಗರ. ಅಕೀಗಿ ಇದರಾಗ ಹಿಡೀಬ್ಯಾಡ್ರಿ."

ನಾನು ಅವರನ್ನು ಹದಿನೈದು ವರ್ಷದಿಂದ ಬಲ್ಲೆ. ಹೇಳಿದ ನಿಜ ಹೇಳಿದಷ್ಟೇ ಗಾತ್ರದಲ್ಲಿ ಉಳಿದದ್ದು ಅದೇ ಮೊದಲು. ನಾನು ಅವರ ಪಕ್ಕಕ್ಕೆ ಸರಿದು ನಿಂತೆ.

ಉಳಿದವರು ಸರಿದದ್ದು ಡಬ್ಬಿಯ ಕಡೆಗೆ. ಹಣಮವ್ವ ದೊಡ್ಡ ಉಸಿರು ಬಿಟ್ಟು, ಡಬ್ಬಿಗೆ ಕೈ ಹಾಕಿ ಮತ್ತೆರಡು ಅನಾನಸ ತೆಗೆದುಕೊಂಡಳು. ಹಣ್ಣಿಲ್ಲದ ಮೇಲೆ ಭಯವೇನು. ಶಾಂತಲಿಂಗಪ್ಪನವರು, ಇದು ಅಪ್ಪಟ ಸ್ವದೇಶೀ ಮಾಲು ಎಂದು ಸಾರಿ ಕೆಂಪು ಗೋಳಿಗಳನ್ನು ರುಮಾಲಿನಲ್ಲಿ ಕಟ್ಟಿಕೊಂಡರು. ಅಯ್ಯನವರು ಸೋಮವಾರ ಪ್ರಶಸ್ತವಾಗಿದೆ ಎಂದು ಹೇಳಿ, ತಮಗೊಂದು ನಿಂಬೆಯದು ಸಾಕೆಂದರು. ಇನ್ಸ್‌ಪೆಕ್ಟರರು ಬಹಳ ಹೊತ್ತು ಯೋಚಿಸಿ, ಡೈರಿ ಮುಚ್ಚಿದರು.

"ಚೀಟಿ ಹಚ್ಚಾಂವನ ಮ್ಯಾಲ ಕೇಸ್ ಆಗೂದಿಲ್ಲ. ಮಾಲಕಗ ನೋಟೀಸ್ ಬರೀತೀನಿ. ಒಂದು ತಿಂಗಳ ಮುದ್ದತ್ತು. ರಸ ಅಂಬೂದು ತಗದು ರುಚಿ ಅಂತ ಹಾಕ್ರಿ. ಅದಕ್ಕ ಕಾಯದೆದ ಹರಕತ್ತಿಲ್ಲ."

ಹೀಗೆ ಎಲ್ಲರ ಮುಖವೂ ಅರಳಿತು. ಅರಳದೆ ಉಳಿದದ್ದು ಒಂದೇ ಮುಖ. ಅಕ್ಕನಾಗಮ್ಮ ಟ್ರಂಕಿನ ಕೀಲಿಯನ್ನು ಕೈಯಲ್ಲಿ ಹಿಡಿದು, ಸಾತಲಿಂಗಪ್ಪನವರನ್ನು ಸುಟ್ಟುಬಿಡುವಂತೆ ನೋಡುತ್ತಿದ್ದಳು.

"ನಿಮಗ್ಯಾರು ಖರೇ ಹೇಳಂದ್ರು?"

"ಅವ್ವಾ, ನಿನ್ನ ವ್ರತ ಉಳೀತಲ್ಲ" ಎಂದರು ಅಮೃತಪ್ಪನವರು.

"ವ್ರತ ಎಲ್ಲಿ ಹೋಗಿತ್ತೋ, ಉಳ್ಯಾಕ? ಹರೇದಿಂದ ದಿನಾ ಎರಡು ಸಂತ್ರಾ ತಿಂದ ಬಾಯಿ ಇದು. ಇದರಾಗ ಸಂತ್ರಾ ಇಲ್ಲಂತ ನನಗ ಗೊತ್ತಾಗೂದಿಲ್ಲ? ಹತ್ತು ವರ್ಷ ಆತು, ಸಂತ್ರಾ ನೆನಪಾದಾಗೊಮ್ಮೆ ನಿನ್ನ ಅಂಗಡಿ ಬರಣ್ಯಾಗಿಂದ ಇದನ್ನ ತಗೊಂಡು ತಿಂದs ದಿನಾ ಕಳದೀನಿ."

ಬರಣಿಯ ಗೋಳಿ ಇಲಿ ಒಯ್ಯುತ್ತದೆಂದು ಅಮೃತಪ್ಪನವರು ಎರಡು ಬೆಕ್ಕು ಸಾಕಿದ್ದರು.

"ಹಂಗಿದ್ರ ಯಾಕ ಅಳತಿದ್ದಿಬೇ, ಆಯಿ?" ಎಂದು ಶಂಕರೆಪ್ಪ ಕೇಳಿದ.

"ಬೀಗರು ತಾವಾಗೇ ಗ್ಯಾರಂಟಿ ಅಂದ್ರು. ಕಾಶಿ ನಮ್ಮ ಮನಿ ಬಾಗಲಿಗೆ ಬಂದು ನಿಂತಂಗಾತು. ವ್ರತ ಮುರದ್ರ ನಿಮ್ಮಪ್ಪ ಕರಕೊಂಡು ಹೋಗಲೇಬೇಕಾಗತಿತ್ತು. ಹಾಂಗs ಕೇಳಿದ್ರ ಇಂವ ಹತ್ತು ವರ್ಷ ಹೂಂ ಅಂದಾನ." ಮುದುಕಿಯ ದನಿ ಈ ಸಲ ನಿಜವಾಗಿಯೇ ನಡುಗಿತು. "ಇನ್ನೊಮ್ಮೆ ಗಂಗಿ ನೋಡಿ ಸಾಯಬೇಕಂತ ಐತಿ. ಅಷ್ಟs."

ಅಮೃತಪ್ಪನವರು ನೆಲ ನೋಡಿದರು. ಕೊನೆಗೆ ಅಕ್ಕನಾಗಮ್ಮನೇ ಕಣ್ಣೊರೆಸಿಕೊಂಡು ಸಾತಲಿಂಗಪ್ಪನವರನ್ನು ಮೇಲಿನಿಂದ ಕೆಳಗಿನವರೆಗೆ ಅಳೆದಳು.

"ಮಗಳ ಸಲುವಾಗಿ ಇಷ್ಟು ಮಂದ್ಯಾಗ ತನ್ನ ಮಾನ ತಾನs ಕಳಕೊಂಡಾನ. ಇಂಥಾಂವನ ಮಗಳು ಬರಲಿ ನಮ್ಮ ಮನೀಗಿ. ಆದ್ರ ನನ್ನ ಕಾಶಿ ಇವರು ಕೆಡಿಸ್ಯಾರ. ಇವರ ಮಗಳs ತೀರಸಲಿ. ಲಗ್ನ ಆದ ತಿಂಗಳದಾಗ ಹುಡುಗಾ ಹುಡುಗಿ ಕೂಡಿ ನನಗ ಕಾಶಿಗಿ ಕರಕೊಂಡು ಹೋಗಬೇಕು."

"ಹೂಂ ಆಯಿ" ಎಂದ ಶಂಕರೆಪ್ಪ. ಅಪ್ಪನ ಹೂಂಗಿಂತ ಅದು ಗಟ್ಟಿಯಾಗಿತ್ತು.

ಮದುವೆ ವೈಶಾಖದಲ್ಲಿ ಆಯಿತು. ಬಂಡೆಪ್ಪ ಸಾಹುಕಾರರು ಸಾತಲಿಂಗಪ್ಪನವರನ್ನು ನೌಕರಿಯಿಂದ ತೆಗೆಯಲಿಲ್ಲ, ಅದಕ್ಕಿಂತ ದೊಡ್ಡ ಶಿಕ್ಷೆ ಕೊಟ್ಟರು. ಗೋದಾಮಿನಲ್ಲಿದ್ದ ನಾಲ್ಕು ಸಾವಿರ ಡಬ್ಬಿಗಳ ಮೇಲೆ ರಸ ಎಂಬಲ್ಲೆಲ್ಲ ರುಚಿ ಎಂಬ ಬೆರಳಗಲದ ಚೀಟಿಯನ್ನು ಅವರೇ ಕೂತು ಅಂಟಿಸಬೇಕಾಯಿತು. ಅಂಟಿಸುವಷ್ಟು ದಿನವೂ ಅವರು ಬಹಳ ಕಡಿಮೆ ಮಾತಾಡಿದರು. ಮನುಷ್ಯ ಸುಧಾರಿಸಿದರೆಂದು ಓಣಿಗೆ ಓಣಿಯೇ ನಂಬಿತು.

ಜ್ಯೇಷ್ಠದಲ್ಲಿ ಒಂದು ದಿನ ಅವರು ಕಾರ್ಡು ಹಿಡಿದು ನಮ್ಮ ಕಟ್ಟೆಗೆ ಬಂದರು. ಹಿಂದೆ ರತ್ನಾಬಾಯಿಯೂ ಬಂದಳು. ಕಾಶಿಯಿಂದ ಮಗಳು ಬರೆದದ್ದು. ನಾನು ಓದಿದೆ.

"ತೀರ್ಥರೂಪರಲ್ಲಿ ಶಿರಸಾಷ್ಟಾಂಗ ನಮಸ್ಕಾರ. ನಾವು ಕ್ಷೇಮ. ಆಯಿ ಒಂಬತ್ತು ದಿನದಿಂದ ಮುಂಜಾನೆ ಸಂಜೆ ಗಂಗೆಯಲ್ಲಿ ಮುಳುಗಿ ಏಳುತ್ತಾರೆ, ಮೇಲೆ ಬಾ ಎಂದರೆ ಬರುವುದಿಲ್ಲ. ನಿನ್ನೆ ತಾವಾಗಿಯೇ ಇನ್ನೊಂದು ಹಣ್ಣು ಬಿಟ್ಟರು. ಈ ಸಲ ಮಾವು. ಬಿಟ್ಟು ಮೇಲೆ ಬಂದ ಕೂಡಲೆ ಹೇಳಿದರು, ನಾವು ಊರು ಮುಟ್ಟುವುದರೊಳಗೆ ನಿಮ್ಮಪ್ಪನಿಂದ ಮಾವಿನ ಗೋಳಿ ಒಂದು ಡಬ್ಬಿ ಅಕ್ಕಲಕೋಟೆಗೆ ತರಿಸು ಎಂದು. ಆದ್ದರಿಂದ ಡಬ್ಬಿ ಮಾತ್ರ ಕಳಿಸಬೇಕು. ದಯವಿಟ್ಟು ಸಂಗಡ ಪತ್ರ ಬರೆಯಬಾರದು."

ಸಾತಲಿಂಗಪ್ಪನವರು ಕಾರ್ಡನ್ನು ಮಡಿಸದೆ ಹಾಗೇ ಎದೆಯ ಕಿಸೆಯಲ್ಲಿ ಇಟ್ಟುಕೊಂಡರು. ಕಣ್ಣು ತೇವವಾಗಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಮಾವಿನ ಗೋಳಿ ಅಂದ್ರ, ಮಾಸ್ತರ, ಏನಂತ ತಿಳದೀರಿ? ರತ್ನಾಗಿರಿಯಿಂದ ಅದಕ್ಕ ಖಾಸ..."

ರತ್ನಾಬಾಯಿ ಸೆರಗಿನ ಗಂಟು ಬಿಚ್ಚಿ, ಒಂದು ಗೋಳಿ ತೆಗೆದು ಗಂಡನ ಬಾಯಿಗೆ ಹಾಕಿದಳು. ಸಂತ್ರಾದ್ದು. ಅದು ಕರಗುವವರೆಗೆ ನಾವು ಮೂವರೂ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದೆವು.